ಕಾಗೆಗಲ್ಲಿನ ಮೇಲೆ ಕೂತ ಹಕ್ಕಿ

ಶೆಟ್ಟೆವ್ವ ಕಾಗೆಗಳನ್ನು ಬಹುವಚನದಲ್ಲಿ ಮಾತನಾಡಿಸುತ್ತಾಳೆ. ಸಾವಿನ ಮನೆಯವರನ್ನು ಬಿಟ್ಟರೆ ಮನುಷ್ಯರಿಗೆ ಆಕೆ ಅಷ್ಟು ಮರ್ಯಾದೆ ಕೊಟ್ಟವಳಲ್ಲ. ಸರ್ವೆಗೆ ಬಂದಿದ್ದ ಸಾಹೇಬರೊಬ್ಬರಿಗೆ “ಬಾ ತಮ್ಮಾ, ನೆಳ್ಳಿಗೆ ಕುಂದ್ರು” ಅಂದದ್ದನ್ನು ಊರವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಕಾಗೆಗಳಿಗೆ ಮಾತ್ರ ಹಾಗಲ್ಲ. ಬೆಳಿಗ್ಗೆ ಸೆರಗಿನಲ್ಲಿ ಜೋಳದ ರೊಟ್ಟಿಯ ಚೂರು ಕಟ್ಟಿಕೊಂಡು ನೀರಿನ ದಂಡೆಗೆ ಇಳಿದು, ಎರಡು ಕೈ ಬಾಯಿಗೆ ಹಚ್ಚಿ ಕರೆಯುತ್ತಾಳೆ:

“ಬರ್ರಿ ಹಿರ್ಯಾರ, ಬರ್ರಿ. ಹೊತ್ತೇರಿತು. ಬಂದು ತುತ್ತ ಮುಟ್ರಿ.”

ಹಿರಿಯರು ಅಂದರೆ ಸತ್ತವರು. ಸತ್ತವರು ಕಾಗೆಯಾಗಿ ಬರುತ್ತಾರೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ, ನಂಬದವರೂ ಹತ್ತನೆಯ ದಿನ ಆಕಾಶ ನೋಡುತ್ತಾರೆ. ಅವಳ ಕೆಲಸ ಅದೇ. ಯಾರಾದರೂ ತೀರಿಕೊಂಡು ಹತ್ತು ದಿನವಾದಾಗ ಮನೆಯವರು ದಂಡೆಗೆ ಬಂದು ಪಿಂಡ ಇಡುತ್ತಾರೆ. ಕಾಗೆ ಮುಟ್ಟಿದರೆ ಸತ್ತವರ ಜೀವ ತೃಪ್ತವಾಯಿತು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಎಲ್ಲಿಯ ಕಾಗೆಯೂ ಕರೆದ ಕೂಡಲೆ ಬರುವುದಿಲ್ಲ. ವರ್ಷವಿಡೀ ಯಾರೋ ಅವುಗಳಿಗೆ ಹಾಕಿ, ಧ್ವನಿ ರೂಢಿ ಮಾಡಿಸಿರಬೇಕು. ಶೆಟ್ಟೆವ್ವನ ಅತ್ತೆ ಅದನ್ನು ಮಾಡುತ್ತಿದ್ದಳು. ಅತ್ತೆಯ ನಂತರ ಇವಳು. ಮನೆಯವರು ಸೀರೆಯನ್ನೋ ಸೇರು ಜೋಳವನ್ನೋ ಕೊಟ್ಟು ಹೋಗುತ್ತಾರೆ. ಗಂಡ ನಾವೆ ನಡೆಸುತ್ತಿದ್ದ, ತೀರಿಹೋಗಿ ಬಹಳ ವರ್ಷವಾಯಿತು. ಮಕ್ಕಳಿಲ್ಲ.

ಅವಳ ಊರು ಮುದ್ದೇಬಿಹಾಳದಿಂದ ಮೋಟರ್‌ಸೈಕಲ್ಲಿನಲ್ಲಿ ಮುಕ್ಕಾಲು ತಾಸು, ಆಲಮಟ್ಟಿಯ ಹಿನ್ನೀರಿನ ಅಂಚಿಗೆ. ಊರು ಎರಡಿವೆ. ಹೊಸ ಊರು ದಿನ್ನೆಯ ಮೇಲೆ, ಒಂದೇ ಅಳತೆಯ ಮನೆಗಳ ಸಾಲು. ಹಳೇ ಊರು ನೀರಿನ ಕೆಳಗೆ. ವೈಶಾಖ ಕಳೆದು ನೀರು ಇಳಿದಾಗ ಹಳೇ ಊರು ಮೇಲೆ ಬರುತ್ತದೆ. ಮೊದಲು ಹಣಮಪ್ಪನ ಗುಡಿಯ ತಲೆ, ದಿನ್ನೆಯ ಮಗ್ಗುಲಿನ ಕಲ್ಲಿನ ಪಾವಟಿಗೆಗಳು, ಆಮೇಲೆ ಗೋಡೆಗಳ ಬುಡ, ಬೀಸುಕಲ್ಲು, ಕಡೆಗೆ ಹುಣಸೆಮರದ ಬೊಡ್ಡೆ. ಎಲ್ಲದರ ಮೇಲೂ ಒಣಗಿದ ಕೆಸರಿನ ಬಿಳಿ ಪದರು. ಒಂದು ತಿಂಗಳು ಹಾಗೆ ನಿಂತು, ಮಳೆ ಹಿಡಿದ ಮೇಲೆ ಅದು ಮತ್ತೆ ಮುಳುಗುತ್ತದೆ. ಆ ಒಂದು ತಿಂಗಳು ಯಾರ ಮನೆಯಲ್ಲಿ ಸಾವಾದರೂ ಕಾರ್ಯ ಹಳೆಯ ಪಾವಟಿಗೆಗಳ ಮೇಲೆಯೇ ಆಗಬೇಕು. ಅಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅದಕ್ಕೆ ಕಾಗೆಗಲ್ಲು ಅನ್ನುತ್ತಾರೆ.

ಅತ್ತೆ ಅವಳಿಗೆ ಹೇಳಿಕೊಟ್ಟದ್ದು ಹೆಚ್ಚೇನಿಲ್ಲ. ಬರಿಗೈಯಲ್ಲಿ ಕರೆಯಬಾರದು. ಮತ್ತೆ, ಕರೆದ ಮೇಲೆ ನೀರಿನ ಕಡೆ ಮುಖ ಮಾಡಿ ನಿಲ್ಲಬೇಕು, ಪಿಂಡ ಮುಟ್ಟುವ ತನಕ ತುಟಿ ತೆರೆಯಬಾರದು. “ಕರದಾಕಿಗೆ ಬಾಯಿಲ್ಲ” ಅನ್ನುತ್ತಿದ್ದಳಂತೆ ಅತ್ತೆ. ನಡುವೆ ಮಾತನಾಡಿದರೆ ಮುಂದೆಂದೂ ಅವಳ ಕರೆಗೆ ಹಿರಿಯರು ಬಂದು ಮುಟ್ಟುವುದಿಲ್ಲ.

ಇದಕ್ಕೆ ಕಾರಣವಿತ್ತು. ಕಾಗೆ ತಡಮಾಡಿದಾಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಸತ್ತವರಿಗೆ ಮಾತು ಕೊಡುತ್ತಾರೆ. ನಿನ್ನ ತಮ್ಮನಿಗೆ ಬಾವಿಯ ಪಾಲು ಬಿಡುತ್ತೇವೆ. ನಿನ್ನ ಮೂಗುತಿ ಮೊಮ್ಮಗಳಿಗೇ ಕೊಡುತ್ತೇವೆ. ಯಾವ ಮಾತಿಗೆ ಕಾಗೆ ಇಳಿಯುತ್ತದೋ ಅದೇ ಸತ್ತವರ ಆಸೆ, ಅದನ್ನು ನಡೆಸಲೇಬೇಕು. ಹೀಗಾಗಿ ಮನೆಮನೆಯ ಗುಟ್ಟುಗಳು ಶೆಟ್ಟೆವ್ವನ ಬೆನ್ನ ಹಿಂದೆ ಬಿಚ್ಚಿಕೊಂಡಿವೆ. ಬಾಗೇವಾಡಿ ಕಡೆಯ ಒಬ್ಬ ವ್ಯಾಪಾರಿಯ ಕಾರ್ಯದಲ್ಲಿ ಯಾರ ಮಾತಿಗೂ ಕಾಗೆ ಬರಲಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಯಾರೂ ಗುರುತಿಸದ ಒಬ್ಬ ಹೆಂಗಸು ದೂರದಲ್ಲಿ ಬಂದು ನಿಂತು, ಬಗ್ಗಿ ನೆಲ ಮುಟ್ಟಿದಳು. ಕಾಗೆ ಇಳಿಯಿತು. ಅವಳು ಯಾರೆಂದು ಮನೆಯವರು ಕೇಳಲಿಲ್ಲ.

“ಇದೆಲ್ಲಾ ಖರೇನ ಏನಬೇ ಆಯಿ?” ಎಂದು, ಹಕ್ಕಿ ನೋಡಲು ಆ ದಂಡೆಗೆ ಆಗಾಗ ಹೋಗುತ್ತಿದ್ದ ನಾನು ಒಮ್ಮೆ ಕೇಳಿದ್ದೆ.

“ಕಾಗಿಗೆ ಹಸಿವಿರತೈತಿ, ಮಂದಿಗೆ ತಪ್ಪಿರತೈತಿ,” ಅಂದಳು. “ನಾ ಕರಿಯಾಕಿ ಅಷ್ಟ.”

ಆದರೆ ಆ ಕಾಗೆಗಳಲ್ಲಿ ಒಂದಕ್ಕೆ ಎಡಗಾಲಿನ ಉಗುರು ಒಳಗೆ ಮಡಚಿಕೊಂಡಿತ್ತು. ಅತ್ತೆ ತೀರಿಕೊಂಡ ವರ್ಷ ಮೊದಲ ಸಲ ಬಂದದ್ದಂತೆ, ಕಾಗೆ ಅಷ್ಟು ವರ್ಷ ಬದುಕುತ್ತದೋ ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಮೊದಲ ಚೂರು ಹಾಕುವಾಗ ಆಕೆ ದನಿ ಇಳಿಸಿ “ತಗೋರಿ ಅತ್ತಿಯಾರ” ಅನ್ನುವುದನ್ನು ನಾನು ಕೇಳಿದ್ದೇನೆ. ಅತ್ತೆಯ ಎಡಗಾಲಿನ ಹೆಬ್ಬೆರಳೂ ಹಾಗೆಯೇ ಮಡಚಿಕೊಂಡಿತ್ತೆಂದು ಊರಿನ ಮುದುಕಿಯರು ಹೇಳುತ್ತಾರೆ. ಶೆಟ್ಟೆವ್ವ ಹೇಳುವುದಿಲ್ಲ.

ಆ ಹಕ್ಕಿ ಬಂದದ್ದು ಜೂನ್ ಮೊದಲ ವಾರದಲ್ಲಿ. ಅರಬ್ಬೀ ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ ಎಂದು ಸುದ್ದಿಯಿತ್ತು. ನಮ್ಮಲ್ಲಿ ಮಳೆ ಬರಲಿಲ್ಲ, ಗಾಳಿ ಮಾತ್ರ ಬಂತು. ಮೂರು ದಿನ ಒಂದೇ ಸಮನೆ ಪಶ್ಚಿಮದಿಂದ ಬೀಸಿ ಹಳೇ ಊರಿನ ಒಣ ಕೆಸರನ್ನು ಎಬ್ಬಿಸಿ ಹೊಸ ಊರಿನ ಮೇಲೆ ಸುರಿಯಿತು. ಸೋಮವಾರ ಗಾಳಿ ನಿಂತಿತು. ಮೀನು ಹಿಡಿಯುವ ಅಮೀರ ಬಲೆ ಎಳೆಯಲು ಹೋದವನು ಬೇಗ ತಿರುಗಿ ಬಂದ.

“ಆಯಿ, ಒಂದ ಹಕ್ಕಿ ಬಂದೈತಿ. ಥೇಟ ದಲಾಲರಂಗ,” ಅಂದ. “ತಾ ಏನೂ ಹಿಡಿಯೂದಿಲ್ಲ. ನೀರಕಾಗಿ ಮೀನ ನುಂಗಿ ಹಾರೂದ ತಡ, ಬೆನ್ನ ಹತ್ತಿ ಕಕ್ಕಿಸಿ ತಿಂತೈತಿ.”

“ಹದ್ದ ಇರಬೇಕ.”

“ಹದ್ದಿಗೆ ಬಾತುಕೋಳಿ ಕಾಲ ಇರತಾವೇನ? ನಾ ಹುಟ್ಟ ಎತ್ತಿ ಅಂಜಿಸಿದೆ. ಅದು ನನ್ನ ನೋಡಿತಬೇ. ಹಾರಲಿಲ್ಲ. ಸುಮ್ಮ ನೋಡಿತು.”

ಅವನು ಫೋನಿನಲ್ಲಿ ತೆಗೆದ ಚಿತ್ರ ಮುದ್ದೇಬಿಹಾಳದ ನಮ್ಮ ಕಾಲೇಜಿಗೂ ಬಂತು. ಪ್ರಾಣಿಶಾಸ್ತ್ರದ ಜಯಮಾಲಾ ಮೇಡಂ ಅದನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು. ಅದು ಸ್ಕುವಾ ಎಂಬ ಕಡಲ ಹಕ್ಕಿ, ಭೂಮಿಯ ತೆಂಕಣ ತುದಿಯ ಮಂಜಿನ ದ್ವೀಪಗಳಲ್ಲಿ ಮರಿ ಮಾಡುವಂಥದ್ದು, ನೆಲದ ಮೇಲೆ ಇಷ್ಟು ಒಳಗೆ ಬಂದದ್ದನ್ನು ತಾನು ಕೇಳಿಲ್ಲ ಅಂದರು. ಬುಧವಾರದ ಹೊತ್ತಿಗೆ ಹೊಸ ಊರಿನ ಒಂದೇ ರಸ್ತೆಯಲ್ಲಿ ಕಾರುಗಳ ಸಾಲು. ಬೆಳಗಾವಿ, ಹುಬ್ಬಳ್ಳಿ, ಪುಣೆ, ಬೆಂಗಳೂರು. ಎಲೆಯ ಬಣ್ಣದ ಅಂಗಿ ತೊಟ್ಟವರು ಕೂಸನ್ನು ಎತ್ತಿಕೊಂಡ ಹಾಗೆ ಕ್ಯಾಮೆರಾ ಎತ್ತಿಕೊಂಡು ದಿನ್ನೆ ಇಳಿದರು. ಅಮೀರ ಬಲೆ ಮಡಚಿಟ್ಟು ಚಹಾ ಕಾಸಲು ನಿಂತ. ಮೇಡಂ ಜೊತೆ ನಾವು ಆರು ಹುಡುಗಿಯರೂ ಹೋದೆವು.

ಹಕ್ಕಿ ಕಾಗೆಗಲ್ಲಿನ ಮೇಲೆ ಕೂತಿತ್ತು.

ನಾನು ಅದಕ್ಕಿಂತ ಚೆಂದದ ಹಕ್ಕಿಗಳನ್ನು ನೋಡಿದ್ದೇನೆ. ಇದು ನೆನೆದ ಮಣ್ಣಿನ ಬಣ್ಣದ್ದು, ಹದ್ದಿಗಿಂತ ದಪ್ಪ, ಕೊಕ್ಕಿನ ತುದಿ ಕೆಳಗೆ ಬಾಗಿತ್ತು. ರೆಕ್ಕೆ ಬಿಚ್ಚಿದಾಗ ಎರಡು ಕಡೆಗೂ ಬಿಳಿಯ ಪಟ್ಟಿ ಹೊಳೆದು ಆರಿಹೋಗುತ್ತಿತ್ತು. ಅದು ಕೂಗಲಿಲ್ಲ. ಮನುಷ್ಯರನ್ನೇ ಕಾಣದ ಜಾಗದಲ್ಲಿ ಹುಟ್ಟಿದ ಹಕ್ಕಿ, ಆದ್ದರಿಂದ ಅಂಜಿಕೆ ಇಲ್ಲ ಎಂದು ಮೇಡಂ ಹೇಳಿದರು. ನಾವು ಹತ್ತು ಮಾರು ಹತ್ತಿರ ಹೋದರೂ ಅದು ಕುತ್ತಿಗೆ ತಿರುಗಿಸಿ ಒಬ್ಬೊಬ್ಬರ ಮುಖವನ್ನೇ ಸಾಲಾಗಿ ನೋಡಿತು. ನನ್ನ ಸರದಿ ಬಂದಾಗ ನಾನು ದುರ್ಬೀನು ಇಳಿಸಿದೆ.

ಚಿತ್ರ ಚೆನ್ನಾಗಿ ಬರಲೆಂದು ಯಾರೋ ಕಾಗೆಗಲ್ಲಿನ ಮೇಲೆ ಮೀನು ಇಟ್ಟರು. ಹಕ್ಕಿ ನಡೆದುಕೊಂಡು ಬಂದು ತಿಂದಿತು. ಮತ್ತೆ ಇಟ್ಟರು. ಆಮೇಲೆ ಅದು ಯಾರಾದರೂ ಕಲ್ಲಿನ ಕಡೆ ಬಗ್ಗಿದರೆ ಸಾಕು, ಎಲ್ಲಿದ್ದರೂ ಬರುತ್ತಿತ್ತು. ಮೀನು ಇಟ್ಟವರಲ್ಲಿ ನಾವೂ ಇದ್ದೆವು. ಇದನ್ನು ಬರೆಯದೆ ಮುಂದಿನದನ್ನು ಬರೆಯಲಾರೆ.

ಮಂಗಳವಾರವೇ ಎರಡು ಕಾಗೆಗಳು ಕತ್ತು ಮುರಿದು ಪಾವಟಿಗೆಯ ಬುಡದಲ್ಲಿ ಬಿದ್ದಿದ್ದವು. ಶೆಟ್ಟೆವ್ವ ಹಳೆಯ ಕುಪ್ಪಸದಲ್ಲಿ ಸುತ್ತಿ ಅವನ್ನು ಮಣ್ಣು ಮಾಡಿದಳು. ಉಗುರು ಮಡಚಿದ್ದು ಅವುಗಳಲ್ಲಿ ಇರಲಿಲ್ಲ. ಬುಧವಾರ ಆಕೆ ಕರೆದಾಗ ಒಂದು ಕಾಗೆಯೂ ಬರಲಿಲ್ಲ. ಜಾಲಿಗಿಡಗಳು ಖಾಲಿ, ಹೊಸ ಊರಿನ ಕಂಬಗಳು ಖಾಲಿ. ಸುತ್ತ ಎಲ್ಲೂ ಕಾಗೆಯ ದನಿ ಇಲ್ಲ. ಇಲ್ಲದಾಗಲೇ ಗೊತ್ತಾದದ್ದು, ಆ ದನಿ ನಮ್ಮ ಬೆಳಗಿನಲ್ಲಿ ಎಷ್ಟು ಜಾಗ ಹಿಡಿದಿತ್ತು ಎಂದು. ಶೆಟ್ಟೆವ್ವ ಕರೆದೇ ಕರೆದಳು. ಸೆರಗಿನ ರೊಟ್ಟಿ ಸೆರಗಿನಲ್ಲೇ ಉಳಿಯಿತು. ಕಲ್ಲಿನ ಮೇಲೆ ಕೂತ ಹಕ್ಕಿ ಅವಳು ಕರೆಯುವುದನ್ನು ಕೇಳುತ್ತಿತ್ತು.

ಗುರುವಾರ ಇಂಡಿಯಿಂದ ಪ್ರಹ್ಲಾದ ವಕೀಲರು ಬಂದರು. ಅವರ ಅಣ್ಣ ಶ್ರೀವಲ್ಲಭ ಮಾಸ್ತರರು ಮುದ್ದೇಬಿಹಾಳದಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಹಿಂದಿನ ವಾರ ತೀರಿಕೊಂಡಿದ್ದರು. ಅವರ ಮನೆತನದ ಮೂಲ ಈ ಹಳೇ ಊರೇ. ಭಾನುವಾರ ಹತ್ತನೆಯ ದಿನ.

“ಕಾಗಿ ಬರ್ತಾವಲ್ಲಾ, ಶೆಟ್ಟೆವ್ವಾ?” ಎಂದು ಅವರು ಕೇಳಿದರು. “ಇಲ್ಲೆ ನೋಡಿದ್ರ ಜಾತ್ರಿ ಕೂಡ್ಯದ.”

ಆಗಲೇ ಹೇಳಬಹುದಿತ್ತು. ಬೇರೆ ದಂಡೆಗೆ ಹೋಗಿರೆಂದರೆ ಅವರು ಹೋಗುತ್ತಿದ್ದರು. ಆದರೆ ನಲವತ್ತು ವರ್ಷ ಕರೆದವಳಿಗೆ, ಕರೆದರೆ ಬರುತ್ತಿಲ್ಲ ಅನ್ನುವ ಮಾತು ಬಾಯಿಗೆ ಬರಲಿಲ್ಲ. ಅದನ್ನು ಹೇಳುವುದೆಂದರೆ ಅತ್ತೆ ತನ್ನನ್ನು ಬಿಟ್ಟುಹೋದಳು ಎಂದು ಪರರ ಮುಂದೆ ಒಪ್ಪಿಕೊಂಡ ಹಾಗೆ.

“ಬರ್ರಿ,” ಅಂದಳು. “ಕರದ ಕೊಡತೇನಿ.”

ಶನಿವಾರ ಬೆಳಿಗ್ಗೆ ಅಮೀರನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿಗೆ ಹೋದಳು. ಅಲ್ಲಿ ಶೇಂಗಾದ ರಾಶಿಗಳ ಸುತ್ತ ಯಾವಾಗಲೂ ನೂರಾರು ಕಾಗೆ. ಶೆಟ್ಟೆವ್ವ ತಗಡಿನ ನೆರಳಿನಲ್ಲಿ ನಿಂತು, ಕೈ ಬಾಯಿಗೆ ಹಚ್ಚಿ ಕರೆದಳು. ಹಮಾಲರು ಚೀಲ ಹೊತ್ತವರು ಹೊತ್ತಲ್ಲೇ ನಿಂತರು.

“ಯಾರ್ನ ಕರಿಯಾಕತ್ತೀಬೇ ಆಯಿ?” ಎಂದು ಒಬ್ಬ ಕೇಳಿದ.

“ನಮ್ಮ ಹಿರ್ಯಾರನ್ನ.”

“ಇಲ್ಲಿ ನಿಮ್ಮ ಹಿರ್ಯಾರ ಯಾರೂ ಇಲ್ಲಬೇ. ಇರಾವ್ರೆಲ್ಲಾ ಅಡತಿ ಅಂಗಡಿಯವ್ರ.”

ಎಲ್ಲರೂ ನಕ್ಕರು. ಅವಳೂ ನಕ್ಕಳಂತೆ. ಕಾಗೆಗಳು ಶೇಂಗಾ ಹೆಕ್ಕುತ್ತಲೇ ಇದ್ದವು, ಒಂದೂ ತಲೆ ಎತ್ತಲಿಲ್ಲ. ತಿರುಗಿ ಬಂದು ಇಳಿಯುವಾಗ ಅಮೀರನಿಗೆ ಒಂದೇ ಮಾತು ಹೇಳಿದಳು. “ಅವು ಬರೇ ಕಾಗಿ, ತಮ್ಮಾ.”

ಭಾನುವಾರ ಒಂಬತ್ತೂವರೆಗೆ ಮಾಸ್ತರರ ಮನೆಯವರು ಪಾವಟಿಗೆ ಇಳಿದರು. ಮುಂದೆ ಭಟ್ಟರು, ಕರ್ಮಕ್ಕೆ ಕೂತ ಪ್ರಹ್ಲಾದ ವಕೀಲರು. ಹಿಂದೆ ಮಾಸ್ತರರ ಅಕ್ಕ ಅಂಬುಬಾಯಿ, ಎಪ್ಪತ್ತೈದು ದಾಟಿದವರು, ಕೋಲು ಊರಿಕೊಂಡು. ಅವರ ತೋಳು ಹಿಡಿದು ವೃಂದಾ. ಮಾಸ್ತರರಿಗೆ ಇವಳೊಬ್ಬಳೇ ಮಗಳು, ತಾಯಿ ಮೊದಲೇ ಇಲ್ಲ. ಮುಳವಾಡದ ಏತ ನೀರಾವರಿಯ ಪಂಪುಮನೆಯಲ್ಲಿ ಕೆಲಸ. ಸಿಂದಗಿಯ ಒಂದು ಸಂಬಂಧವನ್ನು ಎರಡು ಸಲ ಬೇಡವೆಂದಿದ್ದಳು. ಗಂಡಿನ ಕಡೆಯವರಿಗೆ ಸೊಸೆ ಪಂಪುಮನೆಗೆ ಹೋಗುವುದು ಬೇಡವಾಗಿತ್ತು. ಇದು ಮುದ್ದೇಬಿಹಾಳದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಅಮೀರ ದಿನ್ನೆಯ ಮೇಲೆ ಹಗ್ಗ ಕಟ್ಟಿ ಹಕ್ಕಿ ನೋಡುವವರನ್ನು ತಡೆದಿದ್ದ. “ಸತ್ತವ್ರ ಕಾರ್ಯೆ ಐತ್ರಿ ಸರ, ಸ್ವಲ್ಪ ತಡೀರಿ. ಹಕ್ಕಿ ಎಲ್ಲೂ ಹೋಗೂದಿಲ್ಲ, ಅದಕ್ಕೂ ನಮ್ಮ ಮೀನ ರುಚಿ ಹತ್ತೈತಿ.” ನಾವು ಹಗ್ಗದ ಈಚೆ ನಿಂತೆವು. ಆದರೂ ಪಾವಟಿಗೆಯ ಮಾತು ಅಷ್ಟಷ್ಟೂ ಕೇಳಿಸುತ್ತಿತ್ತು. ಗಾಳಿ ಪೂರಾ ಬಿದ್ದಿತ್ತು. ಹಕ್ಕಿ ಕಾಗೆಗಲ್ಲನ್ನು ಬಿಟ್ಟು, ಸ್ವಲ್ಪ ದೂರದ ಹುಣಸೆ ಬೊಡ್ಡೆಯ ಮೇಲೆ ಹೋಗಿ ಕೂತಿತ್ತು, ದಾರಿ ಬಿಟ್ಟ ಹಾಗೆ.

ಪಿಂಡ ಇಟ್ಟರು. ಎಲ್ಲರೂ ಹಿಂದೆ ಸರಿದರು. ಶೆಟ್ಟೆವ್ವ ಕರೆದಳು.

“ಬರ್ರಿ ಹಿರ್ಯಾರ, ಬರ್ರಿ.”

ಮೂರು ಸಲ ಕರೆದು, ನೀರಿಗೆ ಮುಖ ಮಾಡಿ ನಿಂತಳು. ಆಕಾಶ ಬಿಳಿಚಿಕೊಂಡು ಖಾಲಿ ಇತ್ತು. ಕಾಲು ತಾಸು ಕಳೆಯಿತು. ಮೊದಲು ಪ್ರಹ್ಲಾದ ವಕೀಲರು ಕೈಮುಗಿದರು.

“ಅಣ್ಣಾ, ನಿನ್ನ ಪುಸ್ತಕ ಒಂದೂ ರದ್ದಿಗೆ ಹಾಕೂದಿಲ್ಲ. ಸಾಲಿಗೆ ಕೊಡ್ತೇವಿ.”

ಏನೂ ಬರಲಿಲ್ಲ.

“ಅಸ್ಥಿ ಕಾಶಿಗೇ ಒಯ್ತೇನಿ. ನಾನೇ ಹೋಗ್ತೇನಿ.”

ಅಂಬುಬಾಯಿ ಅಂದರು, “ನಿನ್ನ ಜೋಡಿ ಮೂರು ವರ್ಷ ಮಾತು ಬಿಟ್ಟಿದ್ದೆ ನೋಡು ಶ್ರೀವಲ್ಲಭಾ, ಅದು ನಂದೇ ತಪ್ಪು. ಆತಿಲ್ಲೋ? ಬಾ ಇನ್ನ.”

ಬಿಸಿಲು ಏರಿತು. ಎಳ್ಳು ಬೆರೆತ ಅನ್ನದ ಮೇಲೆ ಒಂದು ನೊಣವೂ ಕೂರಲಿಲ್ಲ. ಭಟ್ಟರು ಮೆಲ್ಲಗೆ, ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸಿದರೂ ಶಾಸ್ತ್ರಕ್ಕೆ ನಡೆಯುತ್ತದೆ ಎಂದರು.

“ಹುಲ್ಲಿನ ಕಾಗಿ ಮುಟ್ಟಿಸಿ ನನ್ನ ತಮ್ಮನ್ನ ಹುಲ್ಲಿನ್ಹಂಗ ಒಗದು ಬರ್ಲೇನು?” ಅಂದರು ಅಂಬುಬಾಯಿ. ಆಮೇಲೆ ವೃಂದಾಳ ಕಡೆ ತಿರುಗಿದರು. “ಇಷ್ಟ ಮಂದಿ ಮಾತು ಕೊಟ್ರೂ ಬರ್ಲಿಕ್ಕತ್ತಿಲ್ಲ. ಅವನ ಜೀವ ಎಲ್ಲೆ ಸಿಕ್ಕೊಂಡದ ಅಂತ ನಿನಗ ಗೊತ್ತಿಲ್ಲೇನವಾ?”

ವೃಂದಾ ಪಿಂಡವನ್ನೇ ನೋಡುತ್ತಿದ್ದಳು. “ಅಪ್ಪ ನನಗ ಎಂದೂ ಹಂಗ ಅಂದಿಲ್ಲ ಅತ್ಯಾ. ನಿನಗ ಬ್ಯಾಡಾದ್ರ ಬ್ಯಾಡ ಅಂದಿದ್ರು.”

“ಇದ್ದಾಗ ಅಂದಿಲ್ಲ. ಈಗ ಅನ್ಲಿಕ್ಕತ್ತಾನ.”

ಅಂಬುಬಾಯಿ ಕೆಟ್ಟವರಲ್ಲ. ಅವರು ಅಳುತ್ತಿದ್ದರು, ತಮ್ಮ ಎಲ್ಲೋ ಬಿಸಿಲಿನಲ್ಲಿ ಹಸಿದು ನಿಂತಿದ್ದಾನೆಂದು ಅವರಿಗೆ ನಿಜವಾಗಿಯೂ ಕಾಣುತ್ತಿತ್ತು. ವೃಂದಾಳಿಗೂ ಕಾಣತೊಡಗಿತೆಂದು ನನಗನಿಸಿತು. ಅವಳು ಖಾಲಿ ಆಕಾಶವನ್ನು ನೋಡಿದಳು, ಜಾಲಿಗಿಡಗಳನ್ನು ನೋಡಿದಳು, ಮುಳುಗಿ ಎದ್ದ ಮನೆಗಳ ಬಿಳಿ ಗೋಡೆಗಳನ್ನು ನೋಡಿದಳು. ಎಲ್ಲಿಯೂ ಏನೂ ಅಲುಗಲಿಲ್ಲ. ಅವಳ ಭುಜ ಇಳಿಯಿತು.

“ಸಿಂದಗಿಗೆ ಹೂಂ ಅಂತ ಹೇಳ್ಲಾ?” ಎಂದು ಪ್ರಹ್ಲಾದ ವಕೀಲರು ಮೆತ್ತಗೆ ಕೇಳಿದರು. “ನೀರು ತಗೊಂಡು ಒಂದ ಮಾತು ಅಂದ್ಬಿಡು. ಬಿಡುಗಡಿ ಆಗ್ಲಿ ಅವಗ.”

ಭಟ್ಟರು ಅವಳ ಅಂಗೈಗೆ ನೀರು ಹಾಕಿದರು. “ಅಪ್ಪಾ,” ಅಂದಳು ವೃಂದಾ. “ನೀವು ಹಿಂಗ ನಿಂದರಬ್ಯಾಡ್ರಿ. ನಾನು ಸಿಂದಗಿಯ...”

“ನಿಂದರ್ರಿ ಬಾಯಾರ.”

ಶೆಟ್ಟೆವ್ವನ ದನಿ. ಆಕೆ ಇನ್ನೂ ನೀರಿನ ಕಡೆಗೇ ಮುಖ ಮಾಡಿದ್ದಳು. ಯಾರು ಮಾತನಾಡಿದರೆಂದು ತಿಳಿಯಲು ಅವರಿಗೆ ಒಂದು ಗಳಿಗೆ ಬೇಕಾಯಿತು. ಕರೆದವಳು ನಡುವೆ ಮಾತನಾಡಿದ್ದನ್ನು ಆ ದಂಡೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ತಿರುಗಿದಳು.

“ಕಾಗೀನ ಇಲ್ರಿ. ಐದ ದಿನಾತು, ಈ ಸುತ್ತಿನಾಗ ಒಂದೂ ಇಲ್ಲ. ಆ ಹಕ್ಕಿ ಎರಡನ್ನ ಕೊಂದೈತಿ, ಉಳದವ್ರ ಹೋಗ್ಯಾರ. ಗುರುವಾರನ ಹೇಳಬೇಕಾಗಿತ್ತು. ಹೇಳಲಿಲ್ಲ. ನಾ ಬರೇ ಗಾಳಿಗೆ ಕರದೇನಿ. ನಿಮ್ಮ ಅಪ್ಪಾರ ಏನೂ ಕೇಳವಲ್ರು, ತಾಯಿ. ಆ ನೀರ ಚೆಲ್ಲರಿ.”

“ಹಂಗಾರ ಮುಂಜಾನಿಂದ ನಮ್ಮನ್ನ ಬಿಸಲಾಗ ನಿಂದರಿಸಿ ಚಾಷ್ಟಿ ಮಾಡಿದ್ಯೇನು?” ಎಂದು ವಕೀಲರು ಎದ್ದು ನಿಂತರು.

“ಬರ್ತಾರಂತ ತಿಳದಿದ್ದೆ,” ಅಂದಳು ಶೆಟ್ಟೆವ್ವ. “ಬರ್ತಾರಂತ ತಿಳದಿದ್ದೆರಿ.”

ಆಗ ಹಕ್ಕಿ ಬೊಡ್ಡೆಯಿಂದ ಇಳಿಯಿತು. ಹಾರಲಿಲ್ಲ. ಕೆಳಗಿನ ಪಾವಟಿಗೆಯಿಂದ ಒಂದೊಂದೇ ಹತ್ತುತ್ತ ನಡೆದು ಬಂತು. ಅದರ ಅಗಲ ಪಾದಗಳು ಕಲ್ಲಿನ ಮೇಲೆ ಒದ್ದೆ ಬಟ್ಟೆ ಬಡಿದಂತೆ ಸಪ್ಪಳ ಮಾಡಿದವು. ಭಟ್ಟರು ಸರಿದರು, ವಕೀಲರು ಸರಿದರು. ಅಂಬುಬಾಯಿ ಕೋಲು ಎತ್ತಿದವರು ಎತ್ತಿದಂತೆಯೇ ಹಿಡಿದು ನಿಂತರು. ಹಕ್ಕಿ ಕಾಗೆಗಲ್ಲಿನ ಮುಂದೆ ನಿಂತು, ನಮ್ಮನ್ನು ನೋಡಿದ ಹಾಗೆಯೇ ಒಬ್ಬೊಬ್ಬರನ್ನೂ ನೋಡಿತು. ವೃಂದಾಳನ್ನು ಹೆಚ್ಚು ಹೊತ್ತು ನೋಡಿತು ಅಂತ ಆಮೇಲೆ ಎಲ್ಲರೂ ಹೇಳಿದರು. ನನಗೆ ಅಷ್ಟು ಖಾತ್ರಿಯಿಲ್ಲ. ಆಮೇಲೆ ಬಗ್ಗಿ ಪಿಂಡವನ್ನು ತಿಂದಿತು. ಪೂರಾ ತಿಂದಿತು. ಕೊಕ್ಕನ್ನು ಕಲ್ಲಿಗೆ ಎರಡು ಕಡೆ ಒರೆಸಿಕೊಂಡಿತು. ಹಗ್ಗದ ಈಚೆ ನೂರು ಕ್ಯಾಮೆರಾಗಳು ಒಣ ಶೇಂಗಾ ಒಡೆದ ಹಾಗೆ ಸದ್ದು ಮಾಡಿ ನಿಂತವು.

ಹಕ್ಕಿ ನೀರಿಗೆ ಇಳಿದು ದೂರ ತೇಲಿತು.

“ಮುಟ್ಟಿತು,” ಅಂದರು ಅಂಬುಬಾಯಿ.

“ಅದು ಕಾಗಿ ಅಲ್ಲ, ಅಕ್ಕಾ. ಮೀನಿನ ಆಸೆಗೆ ಬಂದದ,” ಅಂದರು ವಕೀಲರು.

ಅಂಬುಬಾಯಿ ದಿನ್ನೆಯ ಕಡೆ ನೋಡಿ, ಎಲ್ಲರಿಗಿಂತ ಮುಂದೆ ನಿಂತಿದ್ದ ಜಯಮಾಲಾ ಮೇಡಂ ಅವರನ್ನು ಕೇಳಿದರು. “ಏನವಾ, ನೀವು ಓದಿದವ್ರು. ಎಲ್ಲಿಂದ ಬಂದದ ಇದು?”

ಮೇಡಂ ನೀರಿನ ಆಚೆಗೆ ಕೈ ತೋರಿಸಿದರು. “ದಕ್ಷಿಣದಿಂದ್ರಿ. ಸಮುದ್ರ ದಾಟಿ, ಭೂಮಿ ಮುಗಿಯೂ ಕಡೆಯಿಂದ.”

ಹೇಳಿದ ಮೇಲೆ ಅವರಿಗೂ ಅದು ಕೇಳಿಸಿತು. ಪಾವಟಿಗೆಯ ಮೇಲೆ ಎಲ್ಲರೂ ದಕ್ಷಿಣಕ್ಕೇ ಮುಖ ಮಾಡಿ ನಿಂತಿದ್ದರು. ಯಮನ ದಿಕ್ಕು ಅದು, ಪಿಂಡ ಇಡುವಾಗ ನೋಡಬೇಕಾದ ದಿಕ್ಕು. ಭಟ್ಟರು ಜನಿವಾರ ಸರಿಪಡಿಸಿಕೊಂಡರು. ಅಂಬುಬಾಯಿ ನಿಧಾನವಾಗಿ ಕೋಲು ಇಳಿಸಿ, ನೀರಿನ ಮೇಲೆ ಸಣ್ಣದಾಗುತ್ತಿದ್ದ ಆ ಕಂದು ಚುಕ್ಕೆಗೆ ಕೈಮುಗಿದರು.

“ಯಾವ ಮಾತೂ ಬೇಡದ ತಿಂದು ಹೋತು,” ಅಂದರು. “ವೃಂದಾ, ಕೈಯಾಗಿನ ನೀರು ಬಿಡವಾ.”

ಅವಳು ಬೆರಳು ಸಡಿಲಿಸಿದಳು. ಅಷ್ಟರಲ್ಲಿ ನೀರು ಬಹುಪಾಲು ತಾನೇ ಸೋರಿಹೋಗಿತ್ತು. ವಕೀಲರು ಮಾತ್ರ ಒಪ್ಪದೆ, ಹೊಸ ಪಿಂಡ ಇಡಿಸಿ ದರ್ಭೆಯ ಕಾಗೆಯಿಂದಲೂ ಮುಟ್ಟಿಸಿದರು. ಹೋಗುವಾಗ ವೃಂದಾ ಶೆಟ್ಟೆವ್ವನ ಹತ್ತಿರ ಬಂದು ನಿಂತಳು. ಅವಳು ಬಗ್ಗಿ, ಆಕೆಯ ಸೆರಗಿನಿಂದ ಜಾರಿ ಪಾವಟಿಗೆಯ ಮೇಲೆ ಬಿದ್ದಿದ್ದ ರೊಟ್ಟಿಯ ಚೂರುಗಳನ್ನು ಹೆಕ್ಕಿ ತಿರುಗಿ ಸೆರಗಿಗೆ ಹಾಕಿ ಹೋದಳು.

ಮಂಗಳವಾರ ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಂತು. ಹಕ್ಕಿ ಅಂದೇ ಇಲ್ಲವಾಯಿತು. ಹೋದದ್ದನ್ನು ನೋಡಿದವರಿಲ್ಲ, ಸತ್ತು ಬಿದ್ದದ್ದೂ ಸಿಗಲಿಲ್ಲ. ಕಾರುಗಳು ಕೆಸರಿನಲ್ಲಿ ಹೂತು, ನೂಕಿಸಿಕೊಂಡು ಹೋದವು. ಅಮೀರನ ಹಗ್ಗ ಮಾತ್ರ ದಿನ್ನೆಯ ಮೇಲೆ ಉಳಿಯಿತು.

ಗುರುವಾರ ಬೆಳಿಗ್ಗೆ ಕಾಗೆಗಳು ಬಂದವು. ಶೆಟ್ಟೆವ್ವ ಕರೆದಿರಲಿಲ್ಲ. ಬಾಗಿಲು ತೆರೆದಾಗ ಹಳೇ ಊರಿನ ಗೋಡೆಗಳ ಮೇಲೆ ಸಾಲಾಗಿ ಕೂತಿದ್ದವು, ಎಲ್ಲವೂ ಅವಳ ಮನೆಯ ಕಡೆ ಮುಖ ಮಾಡಿ. ಒಂದೂ ಕೂಗುತ್ತಿರಲಿಲ್ಲ. ಆಕೆ ಓಡುತ್ತ ದಂಡೆಗಿಳಿದು ಕಲ್ಲಿನ ಮೇಲೆ ರೊಟ್ಟಿ ಹಾಕಿ, ಮೂರು ಹೆಜ್ಜೆ ಹಿಂದೆ ಸರಿದಳು. ಕಾಗೆಗಳು ಇಳಿದು ಕಲ್ಲಿನ ಸುತ್ತ ನಿಂತವು. ಎಲ್ಲಕ್ಕಿಂತ ಮುಂದೆ, ಉಗುರು ಮಡಚಿದ್ದು. ರೊಟ್ಟಿಯನ್ನು ನೋಡಿತು, ಅವಳನ್ನು ನೋಡಿತು. ಮುಟ್ಟಲಿಲ್ಲ.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಅಮೀರ ಮೀನಿನ ತಲೆ ಎಸೆದರೆ ತಕ್ಷಣ ತಿನ್ನುತ್ತಿದ್ದವು. ಊರಿನ ಮಕ್ಕಳು ಹಾಕಿದ್ದನ್ನೂ ತಿನ್ನುತ್ತಿದ್ದವು. ಅವಳು ಹಾಕಿದ್ದನ್ನು ಮಾತ್ರ ಇಲ್ಲ. ಮುಳವಾಡದಿಂದ ಒಂದು ಕಾರ್ಯಕ್ಕೆ ಬಂದವರು ಅವಳು ಕರೆದರೆ ಕಾಗೆ ಬಂದೂ ಮುಟ್ಟದ್ದನ್ನು ಕಂಡು, ಮುಂದಿನ ಸಲ ಬೇರೆ ದಂಡೆಗೆ ಹೋದರು. ಆಮೇಲೆ ಯಾರೂ ಅವಳನ್ನು ಕರೆಯಲು ಬರಲಿಲ್ಲ.

ಜುಲೈಯಲ್ಲಿ ನಾನು ಒಬ್ಬಳೇ ಹೋಗಿದ್ದೆ. ಮೇಲಿನ ಮಳೆಗೆ ಹೊಳೆ ಬಂದು ಹಿನ್ನೀರು ದಿನಕ್ಕೊಂದು ಪಾವಟಿಗೆಯಂತೆ ಏರುತ್ತಿತ್ತು. ಹುಣಸೆ ಬೊಡ್ಡೆ ಮುಳುಗಿತ್ತು, ಗುಡಿ ಅರ್ಧ ಮುಳುಗಿತ್ತು. ಶೆಟ್ಟೆವ್ವ ಕಾಗೆಗಲ್ಲಿನ ಪಕ್ಕದಲ್ಲೇ ಕೂತಿದ್ದಳು. ಸುತ್ತ ಕಾಗೆಗಳು. ಅವಳು ಮಾತನಾಡುತ್ತಿದ್ದಳು. ನನಗಲ್ಲ.

“ನಿಮ್ಮ ಸೀರಿ ನಾ ಉಟ್ಟದ್ದ ಸಿಟ್ಟೇನ್ರಿ ಅತ್ತಿಯಾರ? ಉಡೂದಿಲ್ಲ, ಬಿಡತೇನಿ.”

ಕಾಗೆ ಕದಲಲಿಲ್ಲ.

“ಕಡೀ ದಿನ ನಿಮಗ ಹಾಲ ತಂದು ಕುಡಸಲಿಲ್ಲ. ಅದಕ್ಕ ದಿನಾ ಹಾಲ ಇಡತೇನಿ.”

ನಲವತ್ತು ವರ್ಷ ಬೆನ್ನ ಹಿಂದೆ ಕೇಳಿದ ಮಾತುಗಳ ಧಾಟಿಯೇ ಅದು. ಸತ್ತವರ ಮುಂದೆ ಒಂದೊಂದಾಗಿ ಇಡುವುದು, ಕಾಯುವುದು, ಇನ್ನೊಂದು ಇಡುವುದು. ಅಮೀರ ನಾವೆಗೆ ಡಾಂಬರು ಹಚ್ಚುತ್ತಿದ್ದವನು ಅಲ್ಲಿಂದಲೇ ಕೂಗಿದ.

“ಆಯಿ, ನಾ ಹೇಳಿದ್ದ ಅಂದಬಿಡಬೇ. ಅವತ್ತ ಮಾತಾಡಿದ್ದ ತಪ್ಪಾತು, ಇನ್ನ ಮಾತಾಡೂದಿಲ್ಲ ಅನ್ನ. ಒಂದ ಮಾತ. ತಿಂತಾವ ನೋಡ.”

ಉಗುರು ಮಡಚಿದ ಕಾಗೆ ಒಂದು ಹೆಜ್ಜೆ ಮುಂದೆ ಬಂದಿತ್ತು. ತಲೆ ಓರೆ ಮಾಡಿ, ಕೇಳಿಸಿಕೊಳ್ಳಲು ಕಾದವರ ಹಾಗೆ ನಿಂತಿತು. ಅವನ ಮಾತಿಗೋ, ತಾನಾಗಿಯೋ, ನಾನು ಹೇಳಲಾರೆ.

ಶೆಟ್ಟೆವ್ವ ಅದನ್ನು ನೋಡಿದಳು. ಕಣ್ಣುಗಳು ತುಂಬಿದ್ದವು. ಸೆರಗಿನಿಂದ ಒರೆಸಿಕೊಂಡು, ಸಾವಕಾಶವಾಗಿ ಅಂದಳು:

“ಅದೊಂದ ಬಿಟ್ಟ ಕೇಳ್ರಿ, ಅತ್ತಿಯಾರ.”

ನೀರು ಕಾಗೆಗಲ್ಲಿನ ಅಂಚಿಗೆ ಬಂದಿತ್ತು. ನಾವು ನೋಡುತ್ತಿದ್ದಂತೆಯೇ ಒಂದು ಸಣ್ಣ ತೆರೆ ಕಲ್ಲಿನ ಮೇಲೆ ಹರಿದು ರೊಟ್ಟಿಯ ಚೂರುಗಳನ್ನು ಎತ್ತಿಕೊಂಡಿತು. ಅವು ಒಂದೊಂದಾಗಿ ಹಳೇ ಊರಿನ ಮೇಲೆ ತೇಲುತ್ತ ಹೋದವು. ಕಾಗೆಗಳು ಎದ್ದು ಮೇಲಿನ ಪಾವಟಿಗೆಗೆ ಹೋಗಿ ಕೂತವು. ಶೆಟ್ಟೆವ್ವನೂ ಎದ್ದು, ಅದೇ ಪಾವಟಿಗೆಗೆ ಹೋಗಿ, ಸೆರಗಿನ ಗಂಟು ಬಿಚ್ಚಿದಳು.